ಬಂದರಿನ ಊರೋ, ದೀಪಸ್ತಂಭದ ಊರೋ

ಹಾಲು ಉಕ್ಕಿ, ಒಲೆಗೆ ಬಿದ್ದು, ಸೀದು ಕರಿಯಾಗುವ ಹೊತ್ತಿಗೆ ಹೆಂಡತಿ ಹಿತ್ತಿಲಿನಿಂದ ಓಡಿ ಬಂದಳು. ಒಲೆಗೆ ಬೆನ್ನು ಹಾಕಿ, ಎರಡೇ ಹೆಜ್ಜೆ ದೂರದಲ್ಲಿ ಕೂತು ನಕ್ಷೆ ನೋಡುತ್ತಿದ್ದ ಗಂಡ ತಲೆಯನ್ನೂ ಎತ್ತಿರಲಿಲ್ಲ.

"ಏನೋ ಯೋಚನೆಯಲ್ಲಿದ್ದೆ ಕಣೇ," ಎಂದ.

"ಇರಲಿ ಬಿಡಿ," ಎಂದು ಅವಳು ಒಲೆ ಆರಿಸಿ ಕಿಟಕಿ ತೆರೆದಳು. ಬೈಯಲಿಲ್ಲ. ಮೂವತ್ತೆರಡು ವರ್ಷದ ಸಂಸಾರದಲ್ಲಿ ಹಾಲು ಉಕ್ಕಿದಾಗ ಅವಳು ಬೈಯದೆ ಉಳಿದದ್ದು ಇದೇ ಮೊದಲು. ಕಳ್ಳನ ಮನಸ್ಸು ಹುಳ್ಳಹುಳ್ಳಗೆ. ಅವನು ನಕ್ಷೆಯನ್ನು ಇನ್ನಷ್ಟು ಮುಖಕ್ಕೆ ಅಡ್ಡ ಹಿಡಿದ.

ಬೀದಿಯವರಿಗೆಲ್ಲ ಅವನು ಮೂಗಿನ ಮೇಷ್ಟ್ರು. ವೈನ್ ಕಾರ್ಖಾನೆಯಲ್ಲಿ ಇಪ್ಪತ್ತೆಂಟು ವರ್ಷ ರುಚಿ ನೋಡುವ ಕೆಲಸ ಮಾಡಿದವನು. ಲೋಟ ಮೂಗಿನ ಹತ್ತಿರ ಬಂದರೆ ಸಾಕು, ದ್ರಾಕ್ಷಿ ಯಾವ ಗುಡ್ಡದ್ದು, ಆ ವರ್ಷ ಬಿಸಿಲೆಷ್ಟು ಎಂದು ಜಾತಕ ಬಿಚ್ಚಿಡುತ್ತಿದ್ದ. ನಿವೃತ್ತಿಯಾದ ಮೇಲೂ ಆ ಹೆಸರು ಉಳಿದಿತ್ತು, ಅದರ ಜಂಬವೂ ಉಳಿದಿತ್ತು, ಕೂಡಿಟ್ಟ ಲೇಬಲ್‌ಗಳ ಪೆಟ್ಟಿಗೆಯೂ ಉಳಿದಿತ್ತು. ಏಳು ತಿಂಗಳ ಹಿಂದೆ ಒಂದು ನೆಗಡಿ ಬಂತು. ಹೋಗುವಾಗ ವಾಸನೆಯನ್ನೂ ಜೊತೆಗೆ ಕರೆದುಕೊಂಡು ಹೋಯಿತು. ಅಂದಿನಿಂದ ಅವನಿಗೆ ಸಾಬೂನೂ ಒಂದೇ, ಸೀಮೆಎಣ್ಣೆಯೂ ಒಂದೇ.

ಯಾರಿಗೂ ಹೇಳಲಿಲ್ಲ. ಹೆಂಡತಿಗಂತೂ ಹೇಳಲೇ ಇಲ್ಲ. ಮೂಗು ಹೋದ ಮೇಲೆ ಬರೀ ಮೇಷ್ಟ್ರನ್ನು ಯಾರು ಕೇಳುತ್ತಾರೆ ಎಂಬ ಹೆದರಿಕೆ ಅವನನ್ನು ತಿನ್ನುತ್ತಿತ್ತು.

ಸಂಜೆಯ ಗಂಡಾಂತರವನ್ನು ಅವನು ಉಪಾಯದಿಂದ ದಾಟುತ್ತಿದ್ದ. ಹೆಂಡತಿ ಲೋಟಕ್ಕೆ ವೈನ್ ಸುರಿಯುವಾಗ ಕಣ್ಣಂಚಿನಲ್ಲೇ ಲೇಬಲ್ ಓದಿಕೊಳ್ಳುವುದು. ಆಮೇಲೆ ಕಣ್ಣು ಮುಚ್ಚಿ, ಲೋಟ ತಿರುಗಿಸಿ, "ಆಹಾ, ದಕ್ಷಿಣದ ಇಳಿಜಾರು!" ಎನ್ನುವುದು.

"ಹೌದಲ್ಲ, ಲೇಬಲ್ ಮೇಲೂ ಹಾಗೇ ಬರೆದಿದೆ," ಎಂದು ಅವಳು ಕಣ್ಣರಳಿಸುತ್ತಿದ್ದಳು. ಅವಳು ಮಾತ್ರ ಇತ್ತೀಚೆಗೆ ಕುಡಿಯುವುದನ್ನೇ ಬಿಟ್ಟಿದ್ದಳು. ಇವನು ಎರಡು ಲೋಟ ಏರಿಸಿದರೂ ಬೆಳಿಗ್ಗೆ ತಲೆ ಹೂವಿನ ಹಾಗೆ ಹಗುರ. "ನಮ್ಮ ಕಾಲದ ಮೈ ಕಣೇ," ಎಂದು ಬೀಗುತ್ತಿದ್ದ. ಬಾಟಲಿ ಮಾತ್ರ ದಿನವೂ ಕೈಗೆ ಅಂಟಂಟು. ಈಗಿನ ಕಾರ್ಖಾನೆಯವರಿಗೆ ಬಾಟಲಿ ಒರೆಸುವ ವ್ಯವಧಾನವೂ ಇಲ್ಲವೆಂದು ಬೈದುಕೊಳ್ಳುತ್ತಿದ್ದ.

ಈಗ ರಜೆಯ ಪ್ರಶ್ನೆ. ಕಡಲಂಚಿನಲ್ಲಿ ಎರಡು ಊರುಗಳು, ಎರಡರ ಬೆನ್ನಿಗೂ ದ್ರಾಕ್ಷಿ ತೋಟ. ದೀಪಸ್ತಂಭದ ಊರಿನಲ್ಲಿ ವೈನ್ ನೆಲಮಾಳಿಗೆಗಳು ರಿಪೇರಿಗೆಂದು ಮುಚ್ಚಿದ್ದವು. ಬಂದರಿನ ಊರಿನಲ್ಲಿ ಎಲ್ಲವೂ ತೆರೆದಿದ್ದವು. ಅಲ್ಲಿ ಬಂದವರ ಕಣ್ಣಿಗೆ ಬಟ್ಟೆ ಕಟ್ಟಿ ಲೋಟ ಕೊಡುತ್ತಾರೆ. ಬಟ್ಟೆ ಕಟ್ಟಿದರೆ ಲೇಬಲ್ ಎಲ್ಲಿ ಕಾಣುತ್ತದೆ?

"ದೀಪಸ್ತಂಭದ ಊರಿಗೇ ಹೋಗೋಣ. ಬಂದರಲ್ಲಿ ಮೆಟ್ಟಿಲು ಜಾಸ್ತಿ, ನಿನ್ನ ಮಂಡಿಗೆ ಆಗಲ್ಲ."

"ದೀಪಸ್ತಂಭಕ್ಕೆ ಇನ್ನೂರ ಹನ್ನೆರಡು ಮೆಟ್ಟಿಲು ಅಂತ ನಿಮ್ಮ ನಕ್ಷೆಯಲ್ಲೇ ಬರೆದಿದೆಯಲ್ರೀ."

"ಬಂದರಲ್ಲಿ ಗಾಳಿ ಜೋರು."

"ಎರಡೂ ಒಂದೇ ಕಡಲು."

ಅವನ ಬತ್ತಳಿಕೆ ಖಾಲಿಯಾಯಿತು. ಅವಳು ಕೊನೆಯ ಬಾಣ ಬಿಟ್ಟಳು. "ಬಂದರಲ್ಲೊಬ್ಬರಿಗೆ ನಿಮ್ಮ ವಿಷಯ ಎಲ್ಲಾ ಹೇಳಿದ್ದೀನಿ. ಮಂಗಳವಾರ ಹನ್ನೊಂದಕ್ಕೆ ಬನ್ನಿ ಅಂದಿದ್ದಾರೆ. ಎರಡು ತಿಂಗಳು ಮುಂಚೆ ಹೇಳದಿದ್ರೆ ಅವರು ಸಿಗೋದೇ ಇಲ್ವಂತೆ."

ಗಂಡನನ್ನು ನಾಲ್ಕು ಜನರ ಮುಂದೆ ಮೆರೆಸುವ ಆಸೆ ಪಾಪ ಅವಳಿಗೆ, ಎಂದುಕೊಂಡ. ನಕ್ಷೆಯಲ್ಲಿ ಬಂದರಿನ ಊರಿಗೇ ಗುರುತು ಹಾಕಿದ.

ಸೋಮವಾರ ಬಂದರಿನ ಊರಿಗೆ ಕಾಲಿಟ್ಟವನೇ ಸೀನಲು ಶುರು ಮಾಡಿದ. ಮಂಗಳವಾರ ಬೆಳಿಗ್ಗೆ ಕರವಸ್ತ್ರ ಹಿಡಿದು ಹಾಸಿಗೆಯಲ್ಲೇ ಮುದುಡಿದ.

"ಮೂಗು ಕಟ್ಟಿಬಿಟ್ಟಿದೆ ಕಣೇ. ಇವತ್ತು ಏನೂ ಗೊತ್ತಾಗಲ್ಲ."

"ಒಳ್ಳೇದೇ ಆಯ್ತು, ಏಳಿ," ಎಂದಳು.

ಬಲಿಗೆ ಹೊರಟ ಕುರಿಯಂತೆ ಅವಳ ಹಿಂದೆ ನಡೆದ. ನೆಲಮಾಳಿಗೆಗೆ ಇಳಿಯಬೇಕಿತ್ತು, ಇವಳು ಮಹಡಿ ಹತ್ತುತ್ತಿದ್ದಳು. ಮೇಲೊಂದು ಬಿಳಿಯ ಬಾಗಿಲು, ಅದರ ಮೇಲೊಂದು ಫಲಕ: ಕಿವಿ, ಮೂಗು, ಗಂಟಲು ತಜ್ಞರು.

ಅವನಿಗೆ ಸುಳ್ಳು ಸೀನೂ ನಿಂತುಹೋಯಿತು. "ನಿಂಗೆ... ಯಾವಾಗಿಂದ ಗೊತ್ತು?"

"ನೀವಾಗೇ ಹೇಳ್ತೀರಿ ಅಂತ ಕಾದೆ," ಎಂದಳು. ಅವಳ ಕಣ್ಣು ತುಂಬಿತ್ತು. "ಮೂಗಿಗೇನು ನಾನು ಹೆಂಡತಿನಾ?"

ಅವನು ಮೂಗಿನಿಂದ ಕರವಸ್ತ್ರ ಕೆಳಗಿಳಿಸಿದ. ಏಳು ತಿಂಗಳ ಭಾರ ಆ ಮೆಟ್ಟಿಲ ಮೇಲೇ ಇಳಿಯಿತು. ಆದರೂ ಜಂಬ ಅಷ್ಟು ಸುಲಭಕ್ಕೆ ಸಾಯುತ್ತದೆಯೇ?

"ಮೂಗು ಹೋದ್ರೇನಂತೆ, ನಾಲಿಗೆ ಇದೆಯಲ್ಲ," ಎಂದ ಕರವಸ್ತ್ರ ಮಡಚುತ್ತ. "ಇಷ್ಟು ದಿನದಲ್ಲಿ ಒಂದೇ ಒಂದು ವೈನನ್ನಾದ್ರೂ ತಪ್ಪು ಹೇಳಿದ್ದೀನಾ?"

"ಅದು ವೈನಾಗಿದ್ರೆ ತಾನೇ?" ಎಂದು ಅವಳು ಕರೆಗಂಟೆ ಒತ್ತಿದಳು. "ನೆಗಡಿ ಬಂದ ವಾರದಿಂದ ನೀವು ಕುಡೀತಿರೋದು ದ್ರಾಕ್ಷಿ ರಸ, ಆರಿದ ಟೀ, ಒಂದು ಚಮಚ ವಿನಿಗರ್. ಬಾಟಲಿಯೂ ಅದೇ ಒಂದು. ನಿಮ್ಮ ಪೆಟ್ಟಿಗೆಯಲ್ಲಿದ್ದ ಹಳೇ ಲೇಬಲ್‌ಗಳನ್ನ ದಿನಕ್ಕೊಂದು ಅಂಟಿಸ್ತಿದ್ದೆ ಅಷ್ಟೇ."