ಗೋದಾಮಿನ ಪ್ರಸಾದ

ಓದುವ ಮುನ್ನ ನಿಮ್ಮ ಮನೆಯ ಗೋಡೆಯನ್ನು ಒಮ್ಮೆ ಮುಟ್ಟಿ ನೋಡಿ...

ಊರ ಹೊರಗಿನ ಸಿಮೆಂಟ್ ಗೋದಾಮಿನಲ್ಲಿ ಫಕೀರಪ್ಪ ಮೂಟೆ ಹೊರುವ ಹಮಾಲ. ಬೆಳಗಿನ ಚಹಾದ ಜೊತೆ ಮೇಸ್ತ್ರಿ ಸಂಗಣ್ಣ ಎಲ್ಲರ ಅಂಗೈಗೂ ಒಂದೊಂದು ನೋವಿನ ಗುಳಿಗೆ ಹಾಕುತ್ತಿದ್ದ. ಡಾಕ್ಟರ್ ಇಲ್ಲ, ಚೀಟಿ ಇಲ್ಲ...

"ಹಿಡೀರೋ, ಪ್ರಸಾದ! ಬ್ಯಾಡ ಅಂದ್ರ ದೇವ್ರು ಸಿಟ್ಟಾಗ್ತಾನ."

"ಯಾವ ದೇವ್ರು ಅಣ್ಣಾ?"

"ಗೋದಾಮಿನ ಮಾಲಕ ಲೇ, ಮತ್ಯಾವ!"

ಎಲ್ಲರೂ ನಗುತ್ತಿದ್ದರು.

ನುಂಗಿದರೆ ಸೊಂಟ ಇದೆಯೆಂಬುದೇ ಮರೆತುಹೋಗುತ್ತಿತ್ತು. ಮಲ ಕಟ್ಟುತ್ತಿತ್ತು, ಮೈ ತುರಿಸುತ್ತಿತ್ತು, ಕಣ್ಣು ಎಳೆಯುತ್ತಿತ್ತು... ಆದರೂ ಮೂಟೆ ಹಗುರ.

ರಜೆಯ ಭಾನುವಾರ ಮಾತ್ರ ಮೂಗು ಸೋರಿ, ಕಾಲು ಸೆಳೆದು, ಮೈ ನಡುಗುತ್ತಿತ್ತು. ಹಮಾಲರು ಅದಕ್ಕೊಂದು ಹೆಸರಿಟ್ಟಿದ್ದರು... ಐತವಾರದ ಜ್ವರ. ಸೋಮವಾರ ಪ್ರಸಾದ ಸಿಕ್ಕರೆ ಜ್ವರ ಮಾಯ!

ಒಂದು ಶನಿವಾರ ಸಂಗಣ್ಣ ಫಕೀರಪ್ಪನಿಗೆ ಎರಡು ಗುಳಿಗೆ ಕವರ್ ಸಮೇತ ಹೆಚ್ಚಿಗೆ ಕೊಟ್ಟ. "ನಾಳಿನ ಜ್ವರಕ್ಕ ಇಟ್ಕೋ ಲೇ."

ಮನೆಯಲ್ಲಿ ಅವ್ವ ನೀಲವ್ವ. ಹಳೆಯ ದಮ್ಮು, ಜೊತೆಗೀಗ ಮೊಣಕಾಲು ನೋವು. ಪ್ರಸಾದವನ್ನು ಒಬ್ಬನೇ ತಿನ್ನಬಾರದೆಂದು ಮಗನಿಗೆ ಕಲಿಸಿದವಳೂ ಅವಳೇ.

ಭಾನುವಾರ ಮಧ್ಯಾಹ್ನ ನಡುಗುವ ಕೈಯಲ್ಲೇ ಎರಡನ್ನೂ ಅವಳಿಗೆ ಕೊಟ್ಟ.

"ಏನೋ ಯಪ್ಪಾ ಇದು?"

"ಪ್ರಸಾದ ಬೇ. ನುಂಗು, ಮೊಣಕಾಲ ಹಗುರಾಗ್ತಾವ."

"ನಿನಗ?"

"ನಂದಾತು."

ಅವಳು ಕಣ್ಣಿಗೊತ್ತಿಕೊಂಡು ನುಂಗಿದಳು...

ಸ್ವಲ್ಪ ಹೊತ್ತಿಗೆ ನಿದ್ದೆ ಹತ್ತಿತು. ಗೊರಗೊರ ದಮ್ಮಿನ ಸದ್ದೂ ಅಡಗಿತು. ಅವ್ವ ಇವತ್ತಾದರೂ ಆರಾಮಾಗಿ ಮಲಗಿದಳೆಂದು ಫಕೀರಪ್ಪ ತನ್ನ ನಡುಕದಲ್ಲೂ ನಕ್ಕ. ಎಬ್ಬಿಸಲಿಲ್ಲ.

ದೀಪ ಹಚ್ಚುವ ಹೊತ್ತಿಗೆ ಮುಟ್ಟಿದರೆ... ಮೈ ತಣ್ಣಗಿತ್ತು.

ಹೊತ್ತುಕೊಂಡೇ ಆಸ್ಪತ್ರೆಗೆ ಓಡಿದ.

"ಏನು ಕೊಟ್ರಿ ಇವರಿಗೆ?" ಡಾಕ್ಟರಮ್ಮ ಕೇಳಿದರು.

"ಪ್ರಸಾದ ರೀ..." ಜೇಬಿನಿಂದ ಗುಳಿಗೆಯ ಖಾಲಿ ಕವರ್ ತೆಗೆದುಕೊಟ್ಟ.

"ಇದು ಅಫೀಮಿನ ಜಾತಿ ಕಣ್ರೀ! ದಮ್ಮಿದ್ದವರಿಗೆ ಉಸಿರೇ ನಿಲ್ಲಿಸಿಬಿಡುತ್ತೆ." ಅವನ ನಡುಕ ನೋಡಿ ದನಿ ತಗ್ಗಿಸಿದರು. "ನಿಮಗೂ ಹತ್ತಿಕೊಂಡಿದೆ. ಒಮ್ಮೆಲೇ ಬಿಡೋಕಾಗಲ್ಲ. ಇಲ್ಲಿಗೆ ಬನ್ನಿ, ಬಿಡಿಸೋಣ."

ಮಣ್ಣು ಮಾಡಿದ ಮರುದಿನ ಫಕೀರಪ್ಪ ಆಸ್ಪತ್ರೆಗೆ ಹೋಗಲಿಲ್ಲ. ಗೋದಾಮಿಗೆ ಹೋದ. ಮೇಸ್ತ್ರಿಯ ಕುತ್ತಿಗೆ ಹಿಡಿಯಲೆಂದೇ ಹೋದ.

"ಬಾರೋ ಫಕೀರ್ಯಾ... ಮುದುಕಿ ಹೋತಂತ. ವಯಸ್ಸಾಗಿತ್ತು ಬಿಡು. ಲಾರಿ ನಿಂತಾವ ನೋಡು."

ಮೂಗು ಸೋರುತ್ತಿತ್ತು. ಕಾಲು ಸೆಳೆಯುತ್ತಿತ್ತು. ಕುತ್ತಿಗೆಗೆ ಚಾಚಿದ ಕೈ ಅರ್ಧದಲ್ಲೇ ನಿಂತಿತು... ಅಂಗೈ ತಾನಾಗಿಯೇ ತೆರೆದುಕೊಂಡಿತು.

ಬಲಗೈ ಮೇಲೆ, ಎಡಗೈ ಕೆಳಗೆ. ಅವ್ವ ಕಲಿಸಿದ ಹಾಗೆಯೇ...

*ದುಡಿಯುವವನ ನೋವಿನ ಬಾಯಿ ಮುಚ್ಚಿಸಲು ಕೊಡುವ ಗುಳಿಗೆ ಔಷಧಿಯಲ್ಲ, ಮೂಗುದಾರ.*

ಈಗ ಮತ್ತೊಮ್ಮೆ ಆ ಗೋಡೆ ಮುಟ್ಟಿ... ಅದರ ಸಿಮೆಂಟ್ ಹೊತ್ತವನು ಏನು ನುಂಗಿ ಹೊತ್ತಿದ್ದ ಎಂದು ಯಾವತ್ತಾದರೂ ಕೇಳಿದ್ದೀರಾ?