ಬಾಯಿಪಾಠವಾದ ಸಿನಿಮಾ

ರಿಮೋಟನ್ನು ಎಲ್ಲಿ ಅಡಗಿಸಿಟ್ಟರೂ ಗಂಡ ಹುಡುಕಿ ತೆಗೆಯುತ್ತಾನೆಂದು ಆಕೆ ಈ ಸಲ ಟಿವಿಯ ವೈರನ್ನೇ ಕಿತ್ತು ಸಕ್ಕರೆ ಡಬ್ಬಿಯ ಹಿಂದೆ ತುರುಕಿದ್ದಳು. ಏನೂ ಪ್ರಯೋಜನವಾಗಲಿಲ್ಲ. ಬೆಳಿಗ್ಗೆ ಕಾಫಿ ತಂದು ನೋಡಿದರೆ ಮಹಾರಾಯ ಮೊಬೈಲನ್ನು ನೀರಿನ ಚೊಂಬಿಗೆ ಒರಗಿಸಿ ಅದೇ ಸಿನಿಮಾ ನೋಡುತ್ತ ಕೂತಿದ್ದ. ತುಟಿ ಅಲ್ಲಾಡುತ್ತಿತ್ತು. ಪ್ರತಿ ಮಾತೂ ಬಾಯಿಪಾಠ.

"ಇವತ್ತಾದ್ರೂ ಅದನ್ನ ಬಿಡ್ರೀ."

"ಇವತ್ತೇ ಬೇಕಿರೋದು ಕಣೇ," ಎಂದ ಅವನು, ಕಣ್ಣು ಕೀಳದೆ.

ಆಕೆ ಕಾಫಿ ಲೋಟವನ್ನು ಕುಕ್ಕಿ ಇಟ್ಟಳು.

ಆ ಸಿನಿಮಾದಲ್ಲಿ ಅಂಥದ್ದೇನಿದೆ ಎಂದು ಕೇಳಿದರೆ ಯಾರಿಗೂ ನೆಟ್ಟಗೆ ಹೇಳಲು ಬರುವುದಿಲ್ಲ. ಬಣ್ಣ ಮಾಸಿದೆ. ನಾಯಕಿಗೆ ಅಳುವುದು ಬಿಟ್ಟರೆ ಬೇರೆ ಕೆಲಸವಿಲ್ಲ. ಒಬ್ಬ ಬಡ ಮೇಷ್ಟ್ರು ಚುನಾವಣೆಗೆ ನಿಂತು, ಗೆದ್ದು, ಮಂತ್ರಿಯಾಗಿ, ಕಳ್ಳರನ್ನೆಲ್ಲ ಜೈಲಿಗೆ ಅಟ್ಟುತ್ತಾನೆ. ಕೊನೆಗೆ ಲಂಚ ತಿಂದ ಸ್ವಂತ ತಮ್ಮನನ್ನೂ ಕೈಯಾರೆ ಹಿಡಿದುಕೊಡುತ್ತಾನೆ. ಅಷ್ಟೇ ಕಥೆ. ನಿಜವಾದ ಮಂತ್ರಿಗಳು ಎಂಥವರೆಂದು ಗೊತ್ತಿದ್ದೂ ಜನ ಅದನ್ನು ಮತ್ತೆ ಮತ್ತೆ ನೋಡುತ್ತಾರೆ, ಮೇಷ್ಟ್ರ ಭಾಷಣ ಬಂದಾಗ ಎದ್ದು ನಿಲ್ಲುತ್ತಾರೆ. ನೋಡಿದ ಪ್ರತಿಯೊಬ್ಬನಿಗೂ ಆ ಮೇಷ್ಟ್ರು ತಾನೇ ಅನ್ನಿಸಿಬಿಡುತ್ತದೆ, ಕರ್ಮ!

ಮದುವೆಯಾದ ಹೊಸದರಲ್ಲಿ ಮೂವರೂ ಒಟ್ಟಿಗೆ ಹೋಗಿದ್ದರು: ಆಕೆ, ಗಂಡ, ಕಾಲೇಜಿಗೆ ಸೇರಿದ್ದ ಆಕೆಯ ತಮ್ಮ. ಭಾವ, ಭಾವಮೈದುನ ಇಬ್ಬರೂ ಕಿರುಚಿ ಕಿರುಚಿ ಮರುದಿನ ಗಂಟಲು ಕಟ್ಟಿ ಕೂತಿದ್ದರು. ಆಗ ಆಕೆ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು.

ಆ ತಮ್ಮ ಈಗ ಸಾವಿರಾರು ಜನರ ಜೊತೆ ನಗರದ ನಡುವಿನ ಚೌಕದಲ್ಲಿ ಧರಣಿ ಕೂತಿದ್ದ. ಸರ್ಕಾರ ಪತ್ರಿಕೆಗಳನ್ನು ಮುಚ್ಚಿಸಿದೆ, ಪ್ರಶ್ನೆ ಕೇಳಿದವರನ್ನು ಹೇಳದೆ ಕೇಳದೆ ಎತ್ತಿಕೊಂಡು ಹೋಗುತ್ತಿದೆ ಎಂಬ ಸಿಟ್ಟು ಅವರದ್ದು. ಇಂದು ಅಲ್ಲಿಗೆ ಸೈನ್ಯ ಬರುತ್ತದೆಂಬ ಗುಸುಗುಸು ಬೀದಿಯೆಲ್ಲ ಹಬ್ಬಿತ್ತು.

ನಿನ್ನೆ ಸಂಜೆ ತಮ್ಮನ ಫೋನ್ ಬಂದಿತ್ತು.

"ಅಕ್ಕಾ, ಇಲ್ಲಿ ಪರದೆ ಕಟ್ಟಿ ನಮ್ಮ ಸಿನಿಮಾ ಹಾಕಿದ್ವಿ ಕಣೇ! ಜನ ಹುಚ್ಚೆದ್ದು ಕೂಗಿದ್ರು. ಭಾವಂಗೆ ಹೇಳು, ನಾಳೆ ಚೌಕಕ್ಕೆ ಬರ್ಲಿ. ನಮ್ಮೆದುರು ನಿಂತು ಮಾತಾಡ್ಲಿ."

"ನೀನು ಸುಮ್ನೆ ಮನೆಗೆ ಬಾರೋ. ಕೈ ಮುಗೀತೀನಿ."

"ಭಾವ ಬರ್ತಾರಾ, ಅದನ್ನ ಹೇಳು."

ಆಕೆ ಫೋನಿಗೆ ಕೈ ಅಡ್ಡ ಹಿಡಿದು ಗಂಡನ ಮುಖ ನೋಡಿದಳು. "ಬರ್ತಾರೆ ಅಂತ ಹೇಳು," ಎಂದ ಅವನು, ತನ್ನನ್ನಲ್ಲ, ಬೇರೆ ಯಾರನ್ನೋ ಕುರಿತು ಹೇಳುವವನ ಹಾಗೆ.

ಮನೆಯ ಮುಂದೆ ಇಬ್ಬರು ಪೊಲೀಸರು. ನಿನ್ನೆ ತರಕಾರಿಗೆಂದು ಹೊರಟರೆ ಅವರಲ್ಲೊಬ್ಬ ಅಂಗಡಿಯವರೆಗೂ ಹಿಂದೆ ಬಂದಿದ್ದ. ಅವನನ್ನು ಕಂಡದ್ದೇ ತಡ, ಗಿರಾಕಿಗಳು ಒಬ್ಬೊಬ್ಬರಾಗಿ ಜಾಗ ಖಾಲಿ ಮಾಡಿದರು. ಅಂಗಡಿಯಾಕೆ ತಲೆ ಎತ್ತದೆ ಚೀಲ ತುಂಬಿಸಿ, "ದುಡ್ಡು ಬೇಡಮ್ಮಾ, ನೀವು ಹೋಗಿಬನ್ನಿ," ಎಂದಳು. ಎದುರುಮನೆಯವರಂತೂ ಕಿಟಕಿ ತೆರೆಯುವುದನ್ನೇ ಬಿಟ್ಟಿದ್ದರು. ಒಂದು ಕಾಲಕ್ಕೆ ಅದೇ ಕಿಟಕಿಯಲ್ಲಿ ನಿಂತು ದಿನಾ ಹರಟೆ ಹೊಡೆಯುತ್ತಿದ್ದವರು. ಆಕೆಗೆ ಅಳುವೇ ಬಂದುಬಿಟ್ಟಿತು.

ಈ ಎರಡು ಕೋಣೆಯ ಮನೆ ಬಿಟ್ಟು ಬೇರೆ ಕಡೆ ಹೋಗೋಣವೆಂದು ಎಷ್ಟು ಸಲ ಅಂಗಲಾಚಿದ್ದಳು! ಗಂಡ ಜಪ್ಪಯ್ಯ ಎಂದರೂ ಒಪ್ಪಿರಲಿಲ್ಲ. "ಮೇಷ್ಟ್ರು ಬಾಡಿಗೆ ಮನೆ ಬಿಟ್ರಾ?" ಎಂದು ಕೇಳಿ ಬಾಯಿ ಮುಚ್ಚಿಸುತ್ತಿದ್ದ.

"ಅಂಗಿ ಆಯ್ತಾ?" ಎಂದ ಈಗ.

ಆಕೆ ಬೇಕೆಂದೇ ಇಸ್ತ್ರಿಪೆಟ್ಟಿಗೆಯನ್ನು ಕಾಲರಿನ ಮೇಲೆ ಹಾಗೇ ಬಿಟ್ಟಳು. ಕಮರು ವಾಸನೆ ಎದ್ದಿತು. "ಅಯ್ಯೋ, ಸುಟ್ಟೋಯ್ತು ರೀ."

"ಪರವಾಗಿಲ್ಲ ಬಿಡು. ಮೇಲೆ ಕೋಟು ಹಾಕ್ತೀನಿ."

"ನಿಮ್ಮ ಕನ್ನಡಕಾನೂ ಕಾಣಿಸ್ತಿಲ್ಲ."

"ನೀನೇ ಬಚ್ಚಿಟ್ಟಿರ್ತೀಯ," ಎಂದು ನಕ್ಕ. "ನೋಡಿ ಓದೋದೇನಿಲ್ಲ. ಎಲ್ಲ ತಲೇಲಿದೆ."

ಆ ನಗು ನೋಡಿ ಆಕೆಗೆ ಇನ್ನಷ್ಟು ಭಯವಾಯಿತು. ಅವನ ಕಾಲ ಬಳಿ ಕುಸಿದು ಕೂತಳು.

"ಜ್ವರ ಅಂತ ಮಲ್ಕೊಂಡುಬಿಡಿ. ಯಾರು ಬಂದ್ರೂ ನಾನು ಹೇಳಿ ಕಳಿಸ್ತೀನಿ. ನನಗಿರೋನು ಅವನೊಬ್ಬನೇ ತಮ್ಮ ರೀ. ನಾಳೆ ಅವನಿಲ್ಲ ಅಂದ್ರೆ ನಾನು ಯಾರ ಮುಖ ನೋಡ್ಲಿ? ಅವನನ್ನ ಹೇಗಾದ್ರೂ ಮಾಡಿ ಮನೆಗೆ ಕರೆಸಿಕೊಳ್ಳಿ."

"ಅವನು ಎದ್ದು ಬರೋನಲ್ಲ. ಆ ಸಿನಿಮಾ ಅವನಿಗೆ ತೋರ್ಸಿದ್ದೇ ನಾನಲ್ವಾ?" ಅವನ ದನಿಯಲ್ಲಿ ಹೆಮ್ಮೆಯಿತ್ತು. "ನಾನೂ ಹಿಂದೆ ಸರಿಯೋನಲ್ಲ ಕಣೇ."

ಮೊಬೈಲಿನಲ್ಲಿ ಕೊನೆಯ ದೃಶ್ಯ ಬಂದಿತ್ತು. ಮೇಷ್ಟ್ರು ತಮ್ಮನ ತೋಳು ಹಿಡಿದು ಪೊಲೀಸರ ಕಡೆಗೆ ನಡೆಸಿಕೊಂಡು ಹೋಗುತ್ತಿದ್ದರು. ಗಂಡನ ಕಣ್ಣು ತುಂಬಿ ಬಂತು; ಅವನು ಒರೆಸಿಕೊಳ್ಳದೆ ಹಾಗೇ ಕೂತ. ಆಕೆಗೆ ನೋಡಲಾಗಲಿಲ್ಲ.

ಹೊರಗೆ ಗಾಡಿಗಳು ನಿಂತ ಸದ್ದು. ಬೂಟುಗಳ ಸದ್ದು. ಯಾರೋ ಬಾಗಿಲು ತಟ್ಟಿದರು.

ಆಕೆ ಓಡಿಹೋಗಿ ಚಿಲಕ ಹಾಕಿ, ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು. "ನನ್ನಾಣೆ, ತೆಗೀಬೇಡಿ. ಬಂದುಬಿಟ್ರು ರೀ, ತೆಗೀಬೇಡಿ."

ಗಂಡ ಕೋಟು ತೊಟ್ಟುಕೊಂಡ. ಆಕೆಯ ತಲೆ ಸವರಿ, ಮೆಲ್ಲಗೆ ಪಕ್ಕಕ್ಕೆ ಸರಿಸಿ, ತಾನೇ ಚಿಲಕ ತೆಗೆದ. ಹೊಸ್ತಿಲಾಚೆ ಸೈನ್ಯದ ಅಧಿಕಾರಿಯೊಬ್ಬ ನಿಂತಿದ್ದ. ಆಕೆಯ ಕಡೆ ನೋಡುವ ಧೈರ್ಯ ಅವನಿಗಿರಲಿಲ್ಲ.

"ರಾಷ್ಟ್ರಾಧ್ಯಕ್ಷರೇ," ಎಂದ ಅವನು ಸೆಲ್ಯೂಟ್ ಹೊಡೆದು, "ಚೌಕವನ್ನ ಸುತ್ತುವರಿದಿದ್ದೀವಿ. ಮುಂದಿನ ಸಾಲಲ್ಲಿ ನಿಮ್ಮ ಭಾವಮೈದುನನೇ ಇದ್ದಾರೆ ಸರ್. ಆದ್ರೂ ಗುಂಡು ಹಾರಿಸೋದಕ್ಕೆ ಅಪ್ಪಣೆ ಇದೆಯಾ?"