ಗಾಜಿನ ಆಚೆ

ಜ್ವರದ ವಾರ್ಡಿನ ಬಾಗಿಲನ್ನು ಮಧ್ಯಾಹ್ನ ಮೂರಕ್ಕೆ ಹೊರಗಿನಿಂದ ಮುಚ್ಚುವುದೆಂದು ತೀರ್ಮಾನವಾಗಿತ್ತು. ಒಳಗೆ ಒಂಬತ್ತು ಜನ ರೋಗಿಗಳು. ಅವರನ್ನು ನೋಡಿಕೊಳ್ಳುತ್ತಿದ್ದ ನರ್ಸ್ ಅಂದು ಬೆಳಿಗ್ಗೆ ತಾನೇ ಅದೇ ಜ್ವರದಲ್ಲಿ ತೀರಿಕೊಂಡಿದ್ದಳು. ಇನ್ನು ಒಳಗೆ ಹೋದವರು ಜ್ವರ ಪೂರ್ತಿ ಅಡಗುವ ತನಕ ಹೊರಗೆ ಬರುವಂತಿಲ್ಲ. ಪಟ್ಟಿಯ ಪ್ರಕಾರ ಹೋಗಬೇಕಾದವಳು ಚಿಕ್ಕ ನರ್ಸ್. ಅವಳ ಮಗುವಿಗೆ ನಾಲ್ಕು ತಿಂಗಳು.

ಅವಳು ಕಾರಿಡಾರಿನ ಬೆಂಚಿನ ಮೇಲೆ ಕೂತು ಬೂಟಿನ ಲೇಸು ಕಟ್ಟುತ್ತಿದ್ದಳು, ಬಿಚ್ಚಿ ಮತ್ತೆ ಕಟ್ಟುತ್ತಿದ್ದಳು. ಹಾಲು ತುಂಬಿ ಬಂದು ಸಮವಸ್ತ್ರದ ಎದೆ ಒದ್ದೆಯಾಗಿತ್ತು. ಕಿಟಕಿಯ ಬಿಸಿಲಿನಲ್ಲಿ ಧೂಳಿನ ಕಣಗಳು ಎಲ್ಲಿಗೂ ಹೋಗುವ ಅವಸರವಿಲ್ಲದೆ ತೇಲುತ್ತಿದ್ದವು. ಪಕ್ಕದಲ್ಲಿ ಯಾರೋ ಬಂದು ಕೂತದ್ದು ಅವಳಿಗೆ ಅರೆನಿದ್ದೆಯಲ್ಲಿ ಎಂಬಂತೆ ತಿಳಿಯಿತು. ಇಡೀ ಆಸ್ಪತ್ರೆ ದೊಡ್ಡಮ್ಮ ಎಂದು ಕರೆಯುತ್ತಿದ್ದ ಹಿರಿಯ ನರ್ಸ್. ಮದುವೆಯಾಗಿರಲಿಲ್ಲ, ನಿವೃತ್ತಿಗೆ ಎರಡು ವರ್ಷವಿತ್ತು. ದಿನಾ ಬೆಳಿಗ್ಗೆ ಸ್ಟೋರ್‌ರೂಮಿನ ಹತ್ತಿಯ ಕಟ್ಟುಗಳ ನಡುವೆ ಕಣ್ಣು ಮುಚ್ಚಿ ಹತ್ತು ನಿಮಿಷ ಪ್ರಾರ್ಥನೆಗೆ ನಿಲ್ಲುವುದು ಆಕೆಯ ರೂಢಿ. ಆ ಹೊತ್ತಿನಲ್ಲಿ ಬ್ಯಾಂಡೇಜು ಬೇಕೆಂದರೂ ಯಾರೂ ಬಾಗಿಲು ತಟ್ಟುತ್ತಿರಲಿಲ್ಲ.

“ಎದ್ದು ಮನೆಗೆ ಹೋಗು. ಮಗು ಅಳ್ತಿರುತ್ತೆ.”

“ಪಟ್ಟೀಲಿ ನನ್ನ ಹೆಸರಿದೆ ದೊಡ್ಡಮ್ಮ.”

“ಇತ್ತು. ಹೊಡೆದು ಹಾಕಿಸಿ ಬಂದೆ.”

ಅಷ್ಟರಲ್ಲಿ ಡಾಕ್ಟರ್ ಪಟ್ಟಿ ಹಿಡಿದುಕೊಂಡೇ ಓಡಿ ಬಂದರು. “ನಿಮ್ಮ ವಯಸ್ಸಿಗೆ ಈ ಜ್ವರ ತಗುಲಿದ್ರೆ ಉಳಿಯೋದು ಕಷ್ಟ. ದೇವರು ಕಾಪಾಡ್ತಾನೆ ಅಂತ ನಂಬ್ಕೊಂಡು ಹೋಗಬೇಡಿ.”

“ಕಾಪಾಡ್ತಾನೆ ಅಂತ ನಾನೆಲ್ಲಿ ಅಂದೆ ಡಾಕ್ಟ್ರೇ? ಬೆಳಿಗ್ಗೆ ಹೋದವಳೂ ನಂಬಿದ್ದವಳೇ.” ದೊಡ್ಡಮ್ಮ ತಲೆಗೆ ಬಟ್ಟೆ ಬಿಗಿಯುತ್ತ ಹೇಳಿದಳು. “ಬೆಳಿಗ್ಗೆಯಿಂದ ಒಳಗೆ ದೇವರೊಬ್ಬನೇ ಇದಾನೆ. ಹೊತ್ತು ಹೊತ್ತಿಗೆ ಮಾತ್ರೆ ಕೊಡೋದು ಅವನಿಗೆ ಬರಲ್ಲ.”

ಚಿಕ್ಕ ನರ್ಸ್ ಏಳಲು ಹೋದಳು. ಬಿಚ್ಚಿದ ಲೇಸು ಕಾಲಿಗೆ ತೊಡರಿ ಮತ್ತೆ ಕೂತಳು. ಬಾಗಿಲು ಮುಚ್ಚಿದ ಸದ್ದು ಎಲ್ಲೋ ಬಹಳ ದೂರದಲ್ಲಿ ಆದಂತೆ ಕೇಳಿಸಿತು.

ವಾರ್ಡಿನ ಗೋಡೆಗೊಂದು ದೊಡ್ಡ ಗಾಜು. ಅದರ ಎರಡೂ ಬದಿಗೆ ಒಂದೊಂದು ಫೋನು. ದಿನಾ ಸಂಜೆ ಚಿಕ್ಕ ನರ್ಸ್ ಅಲ್ಲಿ ನಿಲ್ಲುತ್ತಿದ್ದಳು. ಆಚೆ ಬದಿ ಎಲ್ಲವೂ ನೀರಿನಡಿಯಲ್ಲಿ ನಡೆದಂತೆ ಕಾಣುತ್ತಿತ್ತು: ಬಿಳಿ ಹೊದಿಕೆ ನಿಧಾನವಾಗಿ ಮೇಲೇಳುವುದು, ಉಬ್ಬುವುದು, ಯಾರದೋ ಮೈಮೇಲೆ ಇಳಿಯುವುದು, ಸದ್ದಿಲ್ಲದ ಕೆಮ್ಮು. ಮೊದಲ ವಾರದಲ್ಲಿ ಇಬ್ಬರು ಹೋದರು. ಉಳಿದ ಏಳು ಮಂದಿ ಒಬ್ಬೊಬ್ಬರಾಗಿ ಎದ್ದು ಕೂರತೊಡಗಿದರು.

“ಪ್ರಾರ್ಥನೆ ಮಾಡ್ತಿದೀರಾ ದೊಡ್ಡಮ್ಮ?”

“ಬಿಡುವೆಲ್ಲಿದೆ? ನಾನು ಎಲ್ಲಿದೀನಿ ಅಂತ ಅವನಿಗೆ ಗೊತ್ತು, ಬಿಡು.”

“ಹೆದರಿಕೆ ಆಗಲ್ವಾ?”

“ಆಗುತ್ತೆ. ಸಂಜೆ ಹೊತ್ತು ಜಾಸ್ತಿ. ಆಗ ಎಲ್ಲರ ಹಾಸಿಗೆ ಬಟ್ಟೆ ಬದಲಾಯಿಸ್ತೀನಿ. ಒಬ್ಬ ದರ್ಜಿ ಇದಾನೆ, ‘ಬೆಳಿಗ್ಗೆ ತಾನೇ ಬದಲಾಯಿಸಿದ್ರಲ್ಲ’ ಅಂತ ಗೊಣಗ್ತಾನೆ.”

ಹದಿನಾಲ್ಕನೆಯ ಸಂಜೆ ಗಾಜಿನ ಬಳಿ ಬಂದವನು ಆ ದರ್ಜಿ. ಫೋನು ಹಿಡಿಯಲು ಎರಡೂ ಕೈ ಬೇಕಾಗಿದ್ದವು ಅವನಿಗೆ. “ದೊಡ್ಡಮ್ಮ ಜ್ವರ ಬಂದು ಮಲಗಿದಾರೆ. ಬಾಗಿಲು ತೆಗೆಸಬೇಡ ಅಂತ ನಿಮಗೆ ಹೇಳೋಕೆ ಹೇಳಿದ್ರು. ಮಾತ್ರೆ ಕೊಡೋದು ನಮಗೆಲ್ಲ ಕಲಿಸಿದಾರೆ.”

ಇಪ್ಪತ್ತಾರನೆಯ ದಿನ ಬಾಗಿಲು ತೆರೆಯಿತು. ಏಳು ಜನ ಗೋಡೆ ಹಿಡಿದುಕೊಂಡು, ಆಗಷ್ಟೇ ನಿದ್ದೆಯಿಂದ ಎದ್ದವರಂತೆ ಬಿಸಿಲಿಗೆ ಬಂದರು. ಕಾದಿದ್ದ ಮನೆಯವರು ಅಳುತ್ತಿದ್ದರು, ನಗುತ್ತಿದ್ದರು. ಆದರೂ ಹತ್ತು ಹೆಜ್ಜೆ ದೂರದಲ್ಲೇ ನಿಂತಿದ್ದರು. ಚಿಕ್ಕ ನರ್ಸ್ ನೇರ ದರ್ಜಿಯ ಹತ್ತಿರ ಹೋದಳು.

“ದೊಡ್ಡಮ್ಮ ಕೊನೆಗೆ ಏನಾದ್ರೂ ಹೇಳಿದ್ರಾ?”

“ದೊಡ್ಡ ಮಾತೇನೂ ಆಡಲಿಲ್ಲ ಸಿಸ್ಟರ್. ಜ್ವರ ಎಷ್ಟಿದೆ ನೋಡಿ ಅಂದ್ರು. ಥರ್ಮಾಮೀಟರ್ ಒಡೆದು ಹೋಗಿತ್ತು. ಮುಟ್ಟಿ ನೋಡೋಣ ಅಂತ ಏಳೂ ಜನ ಒಟ್ಟಿಗೇ ಕೈ ಚಾಚಿದ್ವಿ.” ದರ್ಜಿ ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ತನ್ನ ಅಂಗೈ ನೋಡಿಕೊಂಡ. “ಹಣೆ ಸಾಲಲಿಲ್ಲ.”